ಮಾವನವರ ನೆತ್ತಿಯಿಲ್ಲದ ಕಾರು

ರೈಲು ಬಿಡುವವರು ಓಣಿಗೊಬ್ಬರು ಸಿಗುತ್ತಾರೆ. ನಮ್ಮ ಮಾವನವರು ಬಸ್ಸು ಬಿಡುವವರು!

ತಪ್ಪು ತಿಳಿಯಬೇಡಿ, ಸುಳ್ಳು ಹೇಳುವ ಚಾಳಿ ಅವರಿಗೆ ಇರಲೇ ಇಲ್ಲ. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಮೂವತ್ತು ವರ್ಷ ಖರೇ ಖರೇ ಬಸ್ಸು ಬಿಟ್ಟವರು ಅವರು. ಕೊರಳಲ್ಲಿ ಸೀಟಿ, ಕಿಸೆಯಲ್ಲಿ ಕೆಂಪು ಪೆನ್ನು, ಮಣಿಕಟ್ಟಿನಲ್ಲಿ ಗಡಿಯಾರ. ಅವರು ಊದದೆ ಒಂದು ಬಸ್ಸಿನ ಗಾಲಿಯೂ ಉರುಳುವಂತಿರಲಿಲ್ಲ. ಇಂಥವರ ಬಗ್ಗೆ ಊರಿಗೆಲ್ಲ ಗೊತ್ತಿದ್ದ, ಆದರೆ ಅವರ ಎದುರು ಯಾರೂ ಆಡದ ಒಂದು ಮಾತಿತ್ತು. ಅವರಿಗೆ ಗಾಡಿ ನಡೆಸಲು ಬರುತ್ತಿರಲಿಲ್ಲ. ಗಾಡಿ ಹಾಗಿರಲಿ, ಸೈಕಲ್ಲೂ ಬರುತ್ತಿರಲಿಲ್ಲ!

ನಾನು ರಾಣೆಬೆನ್ನೂರಿನಿಂದ ಆ ಮನೆಗೆ ಸೊಸೆಯಾಗಿ ಹೋದದ್ದು, ಭಾನುವಾರ ಬೆಳಿಗ್ಗೆ ಓಣಿಯ ಮಂದಿಯೆಲ್ಲ ಒಂದೇ ಟಿವಿಯ ಮುಂದೆ ಕೂಡುತ್ತಿದ್ದ ಕಾಲದಲ್ಲಿ. ಮದುವೆಯ ದಿನ ನಮ್ಮ ಕಡೆಯವರ ಬಸ್ಸು ಇಪ್ಪತ್ತೆರಡು ನಿಮಿಷ ತಡವಾಗಿ ಬಂತು. ಎದುರುಗೊಳ್ಳಲು ನಿಂತಿದ್ದ ಮಾವನವರು ನನ್ನ ಅಪ್ಪನಿಗೆ ಕೈ ಮುಗಿದು ಆಡಿದ ಮೊದಲ ಮಾತು, "ಎಲ್ಲಿ ಲೇಟ್ ಆತ್ರಿ?"

"ಚಹಾಕ್ಕ ನಿಂತಿದ್ವಿರಿ" ಅಂದರು ಅಪ್ಪ.

"ಇಪ್ಪತ್ತೆರಡು ನಿಮಿಷದ ಚಹಾನ?"

ಅಕ್ಷತೆ ಮಾತ್ರ ಸರಿಯಾದ ಹೊತ್ತಿಗೇ ಬಿತ್ತು. ಅದಕ್ಕೂ ಸೀಟಿ ಊದಿದರೋ ಏನೋ, ವಾಲಗದ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

ಅದೇ ವರ್ಷ ಅವರು ರಿಟೈರ್ ಆದರು. ಮೊದಲ ತಿಂಗಳಲ್ಲೇ ಮನೆ ಬಸ್ ಸ್ಟ್ಯಾಂಡ್ ಆಯಿತು. ಹಾಲಿನವನು ಬಂದ ಹೊತ್ತು ಕೆಂಪು ಪೆನ್ನಿನಿಂದ ಗೋಡೆಯ ಮೇಲೆ ಬೀಳತೊಡಗಿತು. ಬೆಳಿಗ್ಗೆ ಹನ್ನೊಂದೂವರೆಗೆ ರೊಟ್ಟಿ ತಾಟಿಗೆ 'ಬಂದು ತಲುಪಬೇಕು'. ತಲುಪದಿದ್ದರೆ ಅಡಿಗೆಮನೆಯ ಬಾಗಿಲಲ್ಲಿ ಕೆಮ್ಮು. ಅತ್ತೆಯವರು ತಡೆದರು, ತಡೆದರು, ಒಂದು ದಿನ ಕೈಯ ಹಿಟ್ಟು ಕೊಡವಿ ಅಂದೇಬಿಟ್ಟರು: "ನಿಮಗ ಬಿಡಾಕ ಒಂದ ಗಾಡಿ ಬೇಕಲ್ಲ? ಎಲ್ಲಿಂದರ ತಂದಕೊಳ್ರಿ. ನನ್ನ ರೊಟ್ಟಿ ತಂಟೆಕ್ಕ ಬರಬ್ಯಾಡ್ರಿ!"

ಮಾವನವರು ಆ ಮಾತನ್ನು ಆರ್ಡರ್ ಅಂತ ತಿಳಿದರು.

ಕರ್ಜಗಿಯಲ್ಲಿ ತೀರಿಕೊಂಡ ಹಿರಿಯ ಡಾಕ್ಟರೊಬ್ಬರ ಹಳೆಯ ಕಾರು ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅವರ ಮಕ್ಕಳಿಗೆ ಕೊಟ್ಟಿಗೆ ಖಾಲಿಯಾಗಬೇಕಿತ್ತು. "ಒಯ್ದು ಪುಣ್ಯಾ ಕಟ್ಟಿಕೊಳ್ರಿ" ಅಂದರು. ಮಾವನವರು ಕಟ್ಟಿಕೊಂಡರು. ಅದಾದರೂ ಎಂಥ ಕಾರು? ನೆತ್ತಿಯಿಲ್ಲದ ಕಾರು! ಬಿಸಿಲು ಬಂದರೆ ಅರಿವೆಯ ಟಾಪನ್ನು ಛತ್ರಿಯ ಹಾಗೆ ಬಿಚ್ಚಿ ತಲೆಯ ಮೇಲೆ ಎಳೆದುಕೊಳ್ಳಬೇಕು, ಗಾಳಿ ಬೇಕಾದರೆ ಮಡಚಿ ಹಿಂದಕ್ಕೆ ತಳ್ಳಬೇಕು. ಆ ಅರಿವೆಯನ್ನು ಎಂದೋ ಇಲಿಗಳು ತಿಂದು ತೀರಿಸಿದ್ದವು. ಉಳಿದದ್ದು ಕಮಾನಿನ ನಾಲ್ಕು ಎಲುಬು ಮಾತ್ರ.

ಅದು ಹಾವೇರಿಗೆ ಬಂದದ್ದು ಎರಡು ಎತ್ತುಗಳ ಹಿಂದೆ. ಸ್ಟೇರಿಂಗ್ ಹಿಡಿದು ಗಂಭೀರವಾಗಿ ಕೂತವರು ದಸ್ತಗೀರಸಾಬರು. ಅವರೂ ಅದೇ ಸ್ಟ್ಯಾಂಡಿನಿಂದ ರಿಟೈರ್ ಆದವರು, ಬಸ್ ಡ್ರೈವರ್. ಸರ್ವಿಸಿನಲ್ಲಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಮಾವನವರು ಬರೆದ ಮೆಮೊಗಳಲ್ಲಿ ಅರ್ಧ ಅವರ ಹೆಸರಿಗೇ ಇದ್ದವಂತೆ! ಆದರೆ ಇಂಜಿನ್ ಬಲ್ಲವರು ಊರಲ್ಲಿ ಅವರ ಹಾಗೆ ಯಾರಿದ್ದಾರೆ? ಮೆಮೊ ಕೊಟ್ಟ ಕೈಯಿಂದಲೇ ಮಾವನವರು ಎಲೆ ಅಡಿಕೆ ಕೊಟ್ಟು ಕರೆದಿದ್ದರು.

ಬಾಗಿಲಿಗೆ ಬಂದ ಅತ್ತೆಯವರು ಮೆರವಣಿಗೆಯನ್ನು ಮೇಲಿಂದ ಕೆಳಗೆ ನೋಡಿದರು.

"ಎತ್ತು ಭಾಳ ಚೊಲೋ ಅದಾವ್ರಿ."

"ಎತ್ತು ನಮ್ಮವಲ್ಲ. ಹಿಂದಿಂದು ನಮ್ಮದು."

"ಹಿಂದಿಂದಾ? ಅದರಾಗ ಕೋಳಿ ಕಾವಿಗೆ ಕುಂತೈತಲ್ರಿ!"

ಹೌದು, ಹಿಂದಿನ ಸೀಟಿನಲ್ಲಿ ಒಂದು ಹೇಂಟೆ ಕರ್ಜಗಿಯಿಂದ ಟಿಕೆಟ್ಟಿಲ್ಲದೆ ಬಂದಿತ್ತು. ಮರಿ ಹೊರಬರುವ ತನಕ ಸೀಟಿಗೆ ಕೈ ಹಚ್ಚಕೂಡದು ಅಂತ ಅತ್ತೆಯವರ ಹುಕುಂ ಆಯಿತು. ಹಾಗಾಗಿ ರಿಪೇರಿ ಮುಂದಿನಿಂದ ಸುರುವಾಯಿತು.

ಅಂಗಳದ ಬೇವಿನ ಗಿಡದ ಆಚೆ, ಬಿಸಿಲಲ್ಲಿ ಕಾರು ನಿಂತಿತು. ನಾನು ಬಿ.ಎ. ಮುಗಿಸಿ ಬಂದ ಸೊಸೆ. ಕಾರಿನ ಖಾನೆಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. "ಬಾರವಾ, ಇದನ್ನ ಓದಿ ಹೇಳು" ಅಂದರು ಮಾವನವರು. ಓದುವುದೇನು? ಇಲಿಗಳು ಕ್ಲಚ್ಚಿನ ಅಧ್ಯಾಯವನ್ನು ಪೂರ್ತಿ ಮುಗಿಸಿದ್ದವು, ಬ್ರೇಕಿನದು ಅರ್ಧ ಮಾಡಿದ್ದವು. ನಾನು ಉಳಿದದ್ದನ್ನು ಓದಿ ಕನ್ನಡದಲ್ಲಿ ಹೇಳುವೆ, ಮಾವನವರು ಅದನ್ನು ಆರ್ಡರಿನ ಧಾಟಿಯಲ್ಲಿ ದಸ್ತಗೀರಸಾಬರಿಗೆ ಹೇಳುವರು, ಅವರು "ಪುಸ್ತಕಾ ಬರದಾಂವ ಈ ಗಾಡಿ ಬಿಚ್ಚಿ ನೋಡಿಲ್ರಿ" ಅನ್ನುತ್ತ ಬೇರೆಯೇ ಮಾಡುವರು. ಗಾಡಿ ಸುಧಾರಿಸಿದ್ದು ಹೀಗೆ.

ಮೂರನೆಯ ವಾರದಲ್ಲಿ ನಾನು ನಟ್ಟು ಬಿಗಿಯಲು ಗಾಡಿಯ ಕೆಳಗೆ ತೂರಿದ್ದೆ. ಹೊರಬಂದಾಗ ಎದುರಿಗೆ ಅತ್ತೆಯವರು! ಹೊಸ ಸೊಸೆ, ಮೈಯೆಲ್ಲ ಆಯಿಲ್ಲು. ಅವರು ಒಳಗೆ ಹೋಗಿ ತಮ್ಮದೊಂದು ಹಳೆಯ ಸೀರೆ ತಂದು ಎಸೆದರು. "ಇದನ್ನ ಉಟಗೊಂಡು ಹೊರಳಾಡು. ಅದು ಮದವಿ ಸೀರಿ, ಖಬರ ಇಲ್ಲ?"

ಇನ್ನು ಮಾವನವರ 'ಸುಧಾರಣೆ'ಗಳ ಕಥೆ. ಹಳೆಯ ಬ್ಯಾಟರಿಯ ಜಾಗದಲ್ಲಿ ಟ್ರ್ಯಾಕ್ಟರಿನ ಬ್ಯಾಟರಿ ಕೂತಿತು. ದೀಪ ಹಚ್ಚಿದರೆ ಎದುರು ಮನೆಯವರು ಕಿಡಕಿ ಹಾಕಿಕೊಳ್ಳುತ್ತಿದ್ದರು. ಗುಜರಿಯಿಂದ ಬಸ್ಸಿನ ಬೆಲ್ಲು ತಂದು ಹಗ್ಗ ಕಟ್ಟಿದರು. ಒಂದು ಸಲ ಎಳೆದರೆ ನಿಲ್ಲಬೇಕು, ಎರಡು ಸಲ ಎಳೆದರೆ ಹೊರಡಬೇಕು. ನಾಲ್ಕು ಸೀಟಿನ ಕಾರು ಸ್ವಾಮಿ, ಡ್ರೈವರಿನ ಕಿವಿ ಒಂದು ಗೇಣು ದೂರದಲ್ಲಿದೆ! ಸೀಟುಗಳ ಬೆನ್ನಿಗೆ ನಂಬರು ಬರೆದರು. ಹಿಂದಿನ ಎಡಗಡೆಯ ಸೀಟಿಗೆ 'ಮಹಿಳೆಯರಿಗೆ' ಅಂತಲೂ ಬರೆದರು.

ಅತ್ತೆಯವರು ಮಹಿಳಾ ಸೀಟನ್ನು ತಕ್ಷಣ ಬಳಸಿಕೊಂಡರು. ಹೇಂಟೆ ಮರಿಗಳೊಡನೆ ಇಳಿದುಹೋಗಿತ್ತು. ನೆತ್ತಿಯಿಲ್ಲದ ಕಾರಿಗೆ ದಿನವಿಡೀ ಬಿಸಿಲು, ನಾಯಿ ಹತ್ತುವುದಿಲ್ಲ. ಸಂಡಿಗೆ ಒಣಗಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಹಳೆಯ ಧೋತರ ಹಾಸಿ ಸಾಲಾಗಿ ಸಂಡಿಗೆ ಇಟ್ಟರು. ಸರಿಯಾಗಿ ಅಂದೇ ರಾಣೆಬೆನ್ನೂರಿನಿಂದ ನನ್ನ ಅಪ್ಪ ಬಂದರು. "ಬೀಗರು ಹುಚ್ಚರಾಗ್ಯಾರಂತ, ಮಗಳನ್ನ ಗ್ಯಾರೇಜಿನ್ಯಾಗ ದುಡಿಸಾಕತ್ತಾರಂತ" ಎಂದು ಯಾರೋ ಕಿವಿಯಲ್ಲಿ ಊದಿದ್ದರಂತೆ.

ಮಾವನವರಿಗೆ ಅದೆಲ್ಲ ಎಲ್ಲಿ ಗೊತ್ತು? "ಬರ್ರಿ ಬೀಗರ, ಕುಂದರ್ರಿ, ಎಷ್ಟ ಮೆತ್ತಗ ಐತಿ ನೋಡ್ರಿ" ಎಂದು ಕೈ ಹಿಡಿದು ಹಿಂದಿನ ಸೀಟಿಗೆ ಕೂರಿಸಿದರು. ಅಪ್ಪ ಕೂತರು. "ಹೌದ್ರಿ, ಭಾಳ ಮೆತ್ತಗ ಐತಿ" ಅಂದರು. ಅವರು ಎದ್ದು ತಿರುಗಿದಾಗ ಇಸ್ತ್ರಿ ಮಾಡಿದ ಬಿಳಿ ಧೋತರದ ಹಿಂಭಾಗದಲ್ಲಿ ಎರಡು ಸಾಲು ಸಂಡಿಗೆ!

"ಅಯ್ಯ ಶಿವನ, ಇನ್ನೂ ಒಣಗಿದ್ದಿಲ್ಲರೀ!" ಅಂದರು ಅತ್ತೆಯವರು. ಸಂಡಿಗೆಯ ಬಗ್ಗೆ.

ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಮಗಳು ಇಷ್ಟು ನಗುವ ಮನೆಯಲ್ಲಿ ತಕರಾರು ತೆಗೆಯುವುದು ಹೇಗೆ? ಜಗಳಕ್ಕೆಂದು ಬಂದವರು ಮಾವನವರ ಧೋತರ ಉಟ್ಟು, ಊಟ ಮಾಡಿ, ಹೋಗುವಾಗ "ಟಾಪು ನಮ್ಮ ಕಡಿಂದ" ಎಂದು ಮಾತು ಕೊಟ್ಟು ಹೋದರು.

ಕೊಟ್ಟ ಮಾತಿನಂತೆ ಟಾಪು ಬಂತು. ಅಪ್ಪ ಅದನ್ನು ಹೊಲಿಸಿದ್ದು ರಾಣೆಬೆನ್ನೂರಿನ ಶಾಮಿಯಾನದವನ ಹತ್ತಿರ. ಆತ ತನಗೆ ಬಂದದ್ದನ್ನೇ ಹೊಲಿದಿದ್ದ. ಕೆಂಪು ಹಳದಿ ಪಟ್ಟೆ, ಸುತ್ತಲೂ ಬಿಳಿ ಝಾಲರಿ! ಏರಿಸಿ ನೋಡಿದರೆ ಕಾರಿನೊಳಗೆ ಯಾರದೋ ಲಗ್ನ ನಡೆದಂತಿತ್ತು. ಮಾವನವರು ಬಹಳ ಹೊತ್ತು ಸುತ್ತು ಹಾಕಿ ನೋಡಿದರು. "ಬೀಗರು ಕೊಟ್ಟದ್ದು, ಬ್ಯಾಡ ಅನ್ನಾಕ ಬರೂದಿಲ್ಲ" ಅಂದರು. ದಸ್ತಗೀರಸಾಬರು ಝಾಲರಿಯನ್ನು ಬೆರಳಿನಿಂದ ಸವರಿ, "ಊಟಕ್ಕ ಎಲಿ ಹಾಕೂದೊಂದ ಬಾಕಿ ನೋಡ್ರಿ ಸಾಹೇಬ್ರ" ಅಂದರು. ಮರುದಿನ ಅತ್ತೆಯವರು ಝಾಲರಿ ಕತ್ತರಿಸಿ ಟಿವಿಗೆ ಗವಸು ಹೊಲಿದುಬಿಟ್ಟರು.

ಅಂತೂ ಒಂಬತ್ತನೆಯ ತಿಂಗಳಿಗೆ ಗಾಡಿ ತಯಾರಾಯಿತು. ಬ್ಯಾಡಗಿಯಲ್ಲಿದ್ದ ಅತ್ತೆಯವರ ತಂಗಿಯ ಮನೆಗೆ ಹೋಗಿ ಊಟ ಮಾಡಿ ಬರುವುದೆಂದು ಗೊತ್ತುಮಾಡಿದೆವು. ಹೊರಡುವುದು ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಒಂಬತ್ತಕ್ಕೇ ಎಲ್ಲರೂ ನಂಬರಿನ ಪ್ರಕಾರ ಕೂತೆವು. ದಸ್ತಗೀರಸಾಬರು ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು, ಅತ್ತರು ಹಚ್ಚಿಕೊಂಡು ಬಂದರು. ಸ್ಟೇರಿಂಗ್ ಮುಂದೆ ಕೂತು ಇಂಜಿನ್ ಸುರು ಮಾಡಿದರು. ಮಾವನವರು ಎರಡು ಬೆಲ್ಲು ಹೊಡೆದರು.

ಗಾಡಿ ಹೊರಡಲಿಲ್ಲ.

ಮತ್ತೆ ಎರಡು ಬೆಲ್ಲು. ದಸ್ತಗೀರಸಾಬರು ಇಂಜಿನ್ ಬಂದ್ ಮಾಡಿದರು. ಎರಡೂ ಕೈ ಸ್ಟೇರಿಂಗ್ ಮೇಲೆಯೇ ಇದ್ದವು.

"ಆಗೂದಿಲ್ರಿ ಸಾಹೇಬ್ರ."

"ಯಾಕ? ಏನ ಕೆಟ್ಟೈತಿ ಮತ್ತ?"

"ಗಾಡಿ ಬರೋಬ್ಬರಿ ಐತ್ರಿ. ನನಗ ಕಣ್ಣ ಕಾಣೂದಿಲ್ಲ."

ರಿಟೈರ್ ಆದ ಮೇಲೆ ದೃಷ್ಟಿ ಮಬ್ಬಾಗುತ್ತ ಬಂದು, ಈಗ ಬೆಳಕು ಮತ್ತು ಆಕಾರ ಮಾತ್ರ ಉಳಿದಿತ್ತಂತೆ. ಹುಬ್ಬಳ್ಳಿಯ ಡಾಕ್ಟರು ನರ ಒಣಗಿದೆ, ಆಪರೇಶನ್ನಿನಿಂದ ಬರುವಂಥದ್ದಲ್ಲ ಅಂದಿದ್ದರಂತೆ. ಒಂಬತ್ತು ತಿಂಗಳು ಅವರು ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ ಆ ಇಂಜಿನ್ನಿಗೆ ಜೀವ ತಂದಿದ್ದರು. ನಾವು ಅದೇ ಅಂಗಳದಲ್ಲಿದ್ದು ಅದನ್ನು ನೋಡಿರಲಿಲ್ಲ. ಕಣ್ಣು ಕಾಣದವರು ಯಾರು ಹೇಳಿ?

"ಮೊದಲ ಯಾಕ ಹೇಳಲಿಲ್ಲೋ ದಸ್ತಗೀರ?" ಮಾವನವರ ದನಿ ಸಣ್ಣದಾಗಿತ್ತು.

"ನೀವು ದಿನಾ ಮುಂಜಾನೆ 'ಡ್ರೈವರ್ ಬಂದನೇನು' ಅಂತ ಕೇಳ್ತಿದ್ರಿ. ಹಂಗ ಕರಿಯವರು ಈಗ ಯಾರೂ ಉಳಿದಿಲ್ರಿ. ಹೇಳಾಕ ಮನಸ್ಸ ಬರಲಿಲ್ಲ."

ಮಾವನವರು ಇಳಿದು ಬೇವಿನ ಗಿಡದ ತನಕ ಹೋದರು, ತಿರುಗಿ ಬಂದರು. ನನ್ನ ಗಂಡನ ನೌಕರಿ ಗದಗಿನಲ್ಲಿ, ಮನೆಗೆ ಬರುವುದು ವಾರಕ್ಕೊಮ್ಮೆ. ಮತ್ತ್ಯಾರಿದ್ದಾರೆ? ಅವರ ಕಣ್ಣು ನನ್ನ ಮೇಲೆ ನಿಂತಿತು.

"ದಸ್ತಗೀರ, ಸೊಸಿಗೆ ಕಲಸು."

"ಏನ್ರಿ!" ಅತ್ತೆಯವರು ಕೂತಲ್ಲೇ ಹೌಹಾರಿದರು. "ಸೊಸಿ ಗಾಡಿ ಹೊಡದ್ರ ಮಂದಿ ಏನಂದಾರು?"

"ಮಂದಿಗೇನ? ಅವರು ಬಸ್ಸಿನ್ಯಾಗ ಹೋಗ್ತಾರ."

ಮರುದಿನದಿಂದ ಊರ ಹೊರಗಿನ ಮೈದಾನದಲ್ಲಿ ಪಾಠ ಸುರುವಾಯಿತು. ಕಣ್ಣು ಕಾಣದ ಗುರು, ಕ್ಲಚ್ಚಿನ ಅಧ್ಯಾಯ ಓದದ ಶಿಷ್ಯೆ, ಹಿಂದೆ ಹಗ್ಗ ಹಿಡಿದ ಕಂಟ್ರೋಲರ್. ಇಂಥ ಗಾಡಿಯ ಹತ್ತಿರ ಎಮ್ಮೆಗಳೂ ಬರಲಿಲ್ಲ. ದಸ್ತಗೀರಸಾಬರನ್ನು ನಾನು ಚಾಚಾ ಅನ್ನತೊಡಗಿದ್ದೆ. ಚಾಚಾ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು, "ಇಂಜಿನ್ ಅಳಾಕತ್ತೈತಿ ಬೇಟಿ, ಗೇರ್ ಇಳಸು... ಈಗ ನಗಾಕತ್ತು, ಏರಸು" ಅನ್ನುತ್ತಿದ್ದರು. ಮಾವನವರು ಹೆದರಿದಾಗೆಲ್ಲ ಒಂದು ಬೆಲ್ಲು ಹೊಡೆದುಬಿಡುತ್ತಿದ್ದರು. ಮೊದಲ ದಿನ ನಾನು ನಡೆಸಿದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು! ಲೈಸೆನ್ಸ್ ಕೈಗೆ ಬಂದ ದಿನ ಚಾಚಾ ಅದನ್ನು ಇಸಿದುಕೊಂಡು, ಫೋಟೊ ಅಂಟಿಸಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

ಅಂತೂ ಒಂದು ಬೆಳಿಗ್ಗೆ ನಾವು ಬ್ಯಾಡಗಿಗೆ ಹೊರಟೆವು. ಟಾಪು ಮಡಚಿಟ್ಟಿದ್ದೆವು. ನನ್ನ ಪಕ್ಕದಲ್ಲಿ ಚಾಚಾ, ಹಿಂದೆ ಅತ್ತೆ ಮಾವ. ಲಾರಿಯವರು ನಿಧಾನಿಸಿ ನೋಡಿದರು. ಬಸ್ಸಿನ ಕಿಡಕಿಗಳಿಂದ ತಲೆಗಳು ಹೊರಬಂದವು. ಅತ್ತೆಯವರು ಮೊದಲು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು, ನಾಲ್ಕು ಮೈಲಿ ಆಗುವಷ್ಟರಲ್ಲಿ ಸೆರಗು ಸರಿಸಿ ಎಲ್ಲರಿಗೂ ಕೈ ಮಾಡುತ್ತಿದ್ದರು.

ಮೋಟೆಬೆನ್ನೂರು ದಾಟಿ ಬ್ಯಾಡಗಿಯ ರಸ್ತೆಗೆ ಹೊರಳಿದಾಗ ಚಾಚಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಮುಖವನ್ನು ಗಾಳಿಗೆ ಒಡ್ಡಿದರು.

"ಮೆಣಸಿನಕಾಯಿ ವಾಸನಿ ಬಂತು. ಒಣ ಹಾಕ್ಯಾರೇನ್ರಿ ಸಾಹೇಬ್ರ?"

ಮಾವನವರು ಹಿಂದಿನಿಂದ ಬಾಗಿ ನಮ್ಮಿಬ್ಬರ ನಡುವೆ ತಲೆ ತಂದರು.

"ಹಾಕ್ಯಾರ. ಎಡಕ್ಕ ಕಣದ ತುಂಬ ಹಾಸ್ಯಾರ. ರಸ್ತಾದ ಅಂಚಿನ ತನಕಾ ಬಂದೈತಿ."

"ಕೆಂಪ ಹೆಂಗ ಐತ್ರಿ?"

ಮಾವನವರು ತಡವರಿಸಿದರು. ಗಂಟೆ, ನಿಮಿಷ ಬಿಟ್ಟು ಬೇರೆ ಏನನ್ನೂ ಅವರು ಯಾರಿಗೂ ಬಣ್ಣಿಸಿ ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಕೆಂಪ ಅಂದ್ರ... ಹೊಸಾ ಬಸ್ಸು ಡಿಪೋಕ್ಕ ಬಂದಾಗ ಇರ್ತಿತ್ತಲ್ಲ, ಅದಕ್ಕಿಂತ ಒಂದ ಕೈ ಗಾಢ. ಬಿಸಿಲು ಬಿದ್ದಲ್ಲಿ ಹೊಳಿಯಾಕತ್ತೈತಿ. ಒಬ್ಬಾಕಿ ಹೆಣ್ಣಮಗಳು ಕಾಲಿಲೆ ಹೊರಳಿಸ್ಕೋತ ನಡದಾಳ. ಈಗ ನಮ್ಮನ್ನ ನೋಡಿದ್ಲು. ನಗಾಕತ್ಯಾಳ."

"ಯಾಕಂತ್ರಿ?"

"ನಮ್ಮ ಸೊಸಿ ಗಾಡಿ ಹೊಡಿಯೂದ ನೋಡಿ."

ಚಾಚಾ ನಕ್ಕರು. "ಮುಂದ ಏನೈತ್ರಿ?"

"ಮುಂದ ಒಂದ ಹುಣಸಿ ಗಿಡಾ. ನೆರಳಿನ್ಯಾಗ ಒಂದ ಚಕ್ಕಡಿ ಬಿಟ್ಟಾರ. ಎತ್ತು ಎರಡೂ ಬಿಳೇವು, ಒಂದು ಮಲಗೈತಿ..."

ಬ್ಯಾಡಗಿಯ ಮನೆಗಳು ಕಾಣತೊಡಗಿದ್ದವು. ಮಾವನವರಿಗೆ ಹೇಳುವುದು ಇನ್ನೂ ಬಹಳ ಇತ್ತು. ನಾನು ಗೇರ್ ಇಳಿಸಿ ಗಾಡಿ ನಿಧಾನ ಮಾಡಿದೆ.