ಹಲಗೆಯ ಮೇಲಿನ ಮುಳ್ಳುಗಳೂ ನಮ್ಮತ್ತೆಯೂ

ಹಟ ಹಿಡಿದು ಕೂತಾಗ ನನಗೆ ನನ್ನ ತಪ್ಪು ಕಾಣಿಸುವುದು ಕಟ್ಟಕಡೆಗೆ. ಅಷ್ಟರೊಳಗೆ ಮನೆಯವರ ತಪ್ಪುಗಳೆಲ್ಲ ಒಂದೂ ಬಿಡದೆ ಕಂಡಿರುತ್ತವೆ.

ರಾಮನಗರದಲ್ಲಿ ಮನೆ, ಮಾಗಡಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ, ತಲೆ ನರೆಯುವ ಹೊತ್ತಿಗೆ ಪಿಎಚ್.ಡಿ. ಹುಚ್ಚು. ನನ್ನ ವಿಷಯ ಸ್ಪಿನ್ನುಗಳು, ಅಂದರೆ ಒಂದನ್ನೊಂದು ಎಳೆದಾಡುವ ಪುಟಾಣಿ ಅಯಸ್ಕಾಂತಗಳು. ಒಂದನ್ನು ಕದಲಿಸಿದರೆ ಆ ಕದಲಿಕೆ ಪಕ್ಕದ್ದಕ್ಕೆ, ಅದರ ಪಕ್ಕದ್ದಕ್ಕೆ ಹರಡಿ, ಕೊನೆಗೆ ಎಲ್ಲಕ್ಕೂ ಹಂಚಿಹೋಗಿ, ಶುರುವಾದದ್ದು ಎಲ್ಲಿಂದ ಎಂಬ ಗುರುತೇ ಉಳಿಯುವುದಿಲ್ಲ. ಇದನ್ನು ಕಾಗದದ ಮೇಲೆ ಎಷ್ಟೋ ಬರೆದಿದ್ದೆ. "ಬರೀ ಲೆಕ್ಕ ಸಾಲದು ಕಣ್ರೀ, ಒಂದ್ಸಲ ಕಣ್ಣಾರೆ ನೋಡಿ. ಭಾನುವಾರ ನಾನೂ ಬರ್ತೀನಿ" ಎಂದರು ನನ್ನ ಗೈಡು.

ಚನ್ನಪಟ್ಟಣದ ಬಡಗಿಯೊಬ್ಬರಿಂದ ಹಲಗೆ ಮಾಡಿಸಿ, ಅದರ ತುಂಬ ಹಿತ್ತಾಳೆ ಮೊಳೆ ಬಡಿಸಿ, ಮೊಳೆಗೊಂದು ದಿಕ್ಸೂಚಿಯ ಮುಳ್ಳು ಕೂರಿಸಿ ಊಟದ ಮೇಜಿನ ಮೇಲಿಟ್ಟೆ. ಮನೆಮಂದಿ ನೆಲದ ಮೇಲೆ ಉಣ್ಣತೊಡಗಿದರು. ಎಲ್ಲ ಮುಳ್ಳುಗಳನ್ನೂ ಒಂದೇ ದಿಕ್ಕಿಗೆ ನಿಲ್ಲಿಸಿ ಮೂಲೆಯದನ್ನು ಮಾತ್ರ ತಿರುಗಿಸಿ ಬಿಟ್ಟರೆ, ಹಲಗೆಯಿಡೀ ಸಂತೆಯಂತೆ ಗಿಜಿಗುಟ್ಟಿತು. ಆನಂದವಾಯಿತು. ಮತ್ತೆ ಹಾಗೆಯೇ ನಿಲ್ಲಿಸಿ ಬಿಟ್ಟೆ. ಈ ಸಲದ ಕುಣಿತವೇ ಬೇರೆ! ಎರಡು ಸಲವಾದರೂ ಒಂದೇ ಥರ ಕುಣಿಸದೆ ಬಿಡುವವನಲ್ಲ ನಾನು ಎಂದು ಪಣ ತೊಟ್ಟೆ.

ಮೊದಲು ಮನೆ ಮುಂದೆ ನೆಲ ನಡುಗಿಸುತ್ತ ಬಿಡದಿಯ ಕಾರ್ಖಾನೆಗಳಿಗೆ ಹೋಗುವ ಲಾರಿಗಳ ಮೇಲೆ ಅನುಮಾನ ಬಂತು. ಮೇಜಿನ ಕಾಲಡಿಗೆ ಟೈರಿನ ತುಂಡು ಕೊಟ್ಟೆ. ಆಮೇಲೆ ಫ್ಯಾನು ನಿಲ್ಲಿಸಿದೆ. ಕಡೆಗೆ ಕಣ್ಣಿಗೆ ಬಿದ್ದದ್ದು ಕೋಡಿಹಳ್ಳಿಯಿಂದ ಬಂದಿದ್ದ ನಮ್ಮತ್ತೆ, ಅವರ ಮುಂದಿದ್ದ ಕಬ್ಬಿಣದ ಈಳಿಗೆಮಣೆ. ಹಿತ್ತಿಲಲ್ಲಿ ಕೂತು ತರಕಾರಿ ಹೆಚ್ಚಲು ಹೇಳಿದೆ. ಅಲ್ಲಿಂದಲೂ ಇನ್ನೊಂದಷ್ಟು ದೂರ ಕಳಿಸಿದೆ.

ಅತ್ತೆ ಸೀರೆ ಮಡಿಸತೊಡಗಿದರು. "ನಾನು ಎಲ್ ಕೂತ್ರೂ ಸೂಜಿ ಕುಣೀತಾವಂತೆ ಕಣವ್ವ. ಊರಿಗೆ ಹೋಯ್ತೀನಿ, ದನ ನೋಡ್ಕೋಬೇಕು" ಎಂದು ಮಗಳಿಗೆ ಹೇಳಿ ಬಸ್ಸು ಹತ್ತಿಯೇಬಿಟ್ಟರು. ನನ್ನ ಹೆಂಡತಿ ಸುಜಾತ, "ಅವ್ವ ವಾಪಸ್ ಬರೋವರ್ಗೂ ನನ್ನ ಮಾತಾಡಿಸ್ಬೇಡಿ" ಎಂದಳು. ಮನೆ ನಿಶ್ಶಬ್ದವಾಯಿತು. ಮುಳ್ಳುಗಳು ಮಾತ್ರ ತಮಗೆ ತೋಚಿದಂತೆ ಕುಣಿಯುತ್ತಲೇ ಇದ್ದವು.

ಭಾನುವಾರ ಗೈಡು ಬಂದು ನನ್ನ ಗೋಳೆಲ್ಲ ಕೇಳಿದರು. "ನಿಮ್ಮ ಪ್ರಬಂಧದ ಮೊದಲನೇ ಸಾಲು ಹೇಳಿ."

"ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮುಂದೆ ಪೂರ್ತಿ ಬೇರೆ ದಾರಿ..." ಎನ್ನುತ್ತಲೇ ಹಲಗೆಯತ್ತ ತಿರುಗಿ ನೋಡಿದೆ.

"ನಿಮ್ಮ ಬೆರಳು ಎರಡು ಸಲ ಒಂದೇ ಥರ ಬಿಡತ್ತೇನ್ರೀ? ನೀವು ಹುಡುಕ್ತಿದ್ದದ್ದೇ ಸಿಕ್ಕಿದೆ. ಅದನ್ನ ಸರಿ ಮಾಡೋಕೆ ಅತ್ತೇನ ಓಡಿಸಿದ್ರಾ?" ಎಂದು ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಮರುದಿನವೇ ಕೋಡಿಹಳ್ಳಿಗೆ ಹೋದೆ. ಅತ್ತೆ ಕೊಟ್ಟಿಗೆಯಲ್ಲಿದ್ದರು.

"ಏನ್ ಅಳಿಯಂದ್ರೇ, ಸೂಜಿ ಸರಿಯಾದ್ವಾ?"

"ಅವು ಇರೋದೇ ಹಾಗಂತೆ ಅತ್ತೆ. ನಿಮ್ಮದೇನೂ ತಪ್ಪಿಲ್ಲ. ನಾನೇ ಅದನ್ನ ಬರೆದಿದ್ದೆ."

"ಬರ್ದವ್ರು ಒಸಿ ಓದಿನೂ ನೋಡ್ಬೇಕು ಕಣಪ್ಪ" ಎಂದು ಕೈ ತೊಳೆದುಕೊಂಡರು. ಸಂಜೆಯ ಬಸ್ಸಿಗೆ ನನ್ನ ಜೊತೆ ಹೊರಟರು. ಸುಜಾತಳ ಮಾತೂ ಮರಳಿತು.

ಈಗ ಪ್ರಬಂಧದ ಎರಡನೇ ಭಾಗ ಬಾಕಿಯಿದೆ, ಕ್ವಾಂಟಂ ಸ್ಪಿನ್ನುಗಳದು. ಬಿಡುವವನಲ್ಲ, ಅದನ್ನೂ ಮುಗಿಸಿಯೇ ತೀರುತ್ತೇನೆ. ಆದರೆ ಅಲ್ಲಿ ಅಳೆದು ನೋಡಲು ಹೋದವನೇ ಎಲ್ಲವನ್ನೂ ಕೆಡಿಸಿಬಿಡುತ್ತಾನೆ ಎಂದು ಮೊನ್ನೆ ಬಾಯಿತಪ್ಪಿ ಸುಜಾತಳಿಗೆ ಹೇಳಿಬಿಟ್ಟೆ.

"ಹಂಗಾದ್ರೆ ಈ ಸಲ ಮನೆ ಬಿಡ್ಬೇಕಾದವ್ರು ನೀವೇ ಅನ್ನಿ" ಎಂದವಳೇ ಅಟ್ಟದ ಮೇಲಿದ್ದ ನನ್ನ ಸೂಟ್‌ಕೇಸಿನ ಧೂಳು ಒರೆಸತೊಡಗಿದಳು.