ಅಕ್ಕನಿಗೆ ಹೇಳಿದ ಸಂಬಳ

ಎಲ್ಲ ಶುರುವಾದದ್ದು ಅಕ್ಕ ಕೇಳಿದ ಒಂದು ಮಾತಿನಿಂದ.

ಮರುದಿನ ಅವಳಿಗೆ ಆಪರೇಷನ್. ದೊಡ್ಡಾಸ್ಪತ್ರೆಯ ಉಚಿತ ವಾರ್ಡಿನಲ್ಲಿ, ಬಣ್ಣ ಹೋದ ಕಬ್ಬಿಣದ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಫ್ಲಾಸ್ಕಿನಲ್ಲಿ ಬಿಸಿ ಹಾಲು ತಂದಿದ್ದ ತಮ್ಮನ ಮುಖವನ್ನೇ ನೋಡುತ್ತ ಕೇಳಿದಳು:

"ನಿಜ ಹೇಳು. ನಿನಗೆ ಸಂಬಳ ಎಷ್ಟು ಬರುತ್ತೆ?"

ತಮ್ಮನೆಂದರೆ ಐವತ್ತು ದಾಟಿದವನು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸಪ್ಲೈಯರ್. ಯಾವ ಮೂಲೆಯಿಂದ ಯಾರು ಕರೆದರೂ "ಬಂದೆ ಸಾರ್" ಎಂದು ಓಡುತ್ತಿದ್ದುದರಿಂದ ಅವನ ಹೆಸರೇ ಬಂದೆಸಾರ್ ಆಗಿಹೋಗಿತ್ತು. ಹೆಂಗಸರು ಕರೆದರೂ ಬಂದೆ ಸಾರ್. ಒಮ್ಮೆ ಬಾಗಿಲಲ್ಲಿ ಬೀದಿನಾಯಿ ಬೊಗಳಿದಾಗಲೂ ಹಾಗೇ ಅಂದನೆಂದು ಜೊತೆಯವರು ಹೇಳಿಕೊಂಡು ನಗುತ್ತಿದ್ದರು. ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದ ಅಕ್ಕ, ಊರವರ ಬಟ್ಟೆ ಹೊಲಿದೂ ಹೊಲಿದೂ ತನ್ನ ಮದುವೆಯ ಮಾತನ್ನೇ ಮರೆತಿದ್ದಳು. ಮನೆಯಲ್ಲಿ ಇದ್ದವರು ಇವರಿಬ್ಬರೇ.

"ಈಗ್ಯಾಕಕ್ಕ ಅದೆಲ್ಲ?"

"ಇನ್ಯಾವಾಗ ಕೇಳ್ಲಿ? ನಾನಿಲ್ದೇ ಹೋದ್ರೆ ನೀನು ಹೇಗಿರ್ತೀಯೋ ಅನ್ನೋದೇ ನಂಗೆ ಚಿಂತೆ. ಹಿಂದಿನ ಬೀದಿಯವಳ ಮಗ ಮೊನ್ನೆ ಮೊನ್ನೆ ಹೊಸ ಬಡಾವಣೆ ಹೋಟೆಲಿಗೆ ಸೇರಿದೋನು. ಅವಳ ಜಂಬ ನೋಡ್ಬೇಕು! ನೀನು ಮಾತ್ರ ಬಾಯೇ ಬಿಡಲ್ಲ."

ಬಾಯಿ ಬಿಡುವಂಥದ್ದೇನೂ ಇರಲಿಲ್ಲ. ಎರಡು ಹೋಟೆಲಿಗೂ ಯಜಮಾನರು ಒಬ್ಬರೇ. ಹೊಸ ಬಡಾವಣೆಯಲ್ಲಿ ಟೇಬಲ್ಲಿಗೆ ಬಟ್ಟೆ ಹಾಸಿರುತ್ತಿತ್ತು, ಕುಡಿಯುವ ನೀರಿಗೂ ಬಿಲ್ ಇತ್ತು, ಅಲ್ಲಿನ ಸಪ್ಲೈಯರಿಗೆ ಇವನ ಎರಡರಷ್ಟು ಸಂಬಳವಿತ್ತು. "ಸಂಬಳ ಅನ್ನೋದು ಜಾಗ ನೋಡಿ ಕಣಯ್ಯ" ಎನ್ನುತ್ತಿದ್ದರು ಯಜಮಾನರು. ಹಾಗಾದರೆ ಅನುಭವಕ್ಕೆ ಏನೂ ಇಲ್ಲವೇ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದ. "ಅನುಭವ ಇರೋನಿಗೆ ಕಡಿಮೆ ದುಡ್ಡಲ್ಲಿ ಬದುಕೋದು ಗೊತ್ತಿರುತ್ತೆ. ಹೊಸಬರಿಗೆ ಪಾಪ ಅದು ಬರಲ್ಲ, ಅದಕ್ಕೇ ಜಾಸ್ತಿ ಕೊಡ್ಬೇಕಾಗುತ್ತೆ" ಎಂದು ಅವರು ಉತ್ತರಿಸಿದ್ದರು.

ಹಿಂದಿನ ದಿನ ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದ್ದರು: "ಅವರ ಮನಸ್ಸಿಗೆ ಚಿಂತೆ ಕೊಡ್ಬೇಡಿ. ಬಿ.ಪಿ. ಏರಿದ್ರೆ ಆಪರೇಷನ್ ಮುಂದಕ್ಕೆ ಹಾಕ್ಬೇಕಾಗುತ್ತೆ. ಮುಂದಕ್ಕೆ ಹಾಕೋ ಸ್ಥಿತೀಲಿ ಅವರಿಲ್ಲ."

ಬಂದೆಸಾರ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ಹೊಸ ಬಡಾವಣೆಯವರಿಗೆ ಎಷ್ಟೋ ನಂಗೂ ಅಷ್ಟೇ ಅಕ್ಕ. ಅದರ ಮೇಲೆ ಅನುಭವಕ್ಕೆ ಅಂತ ಇನ್ನೊಂದಿಷ್ಟು" ಎಂದುಬಿಟ್ಟ.

ಅಕ್ಕನ ಹುಬ್ಬಿನ ಗಂಟು ಸಡಿಲವಾಯಿತು. "ಕಳ್ಳ, ಇಷ್ಟು ದಿನ ಹೇಳ್ಲೇ ಇಲ್ಲ ನೋಡು" ಎಂದು ಅವನ ತಲೆ ಸವರಿ, ಹಾಲು ಕುಡಿದು, ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು.

ಪಕ್ಕದ ಮಂಚದಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡೇ ಕಿವಿ ತೆರೆದಿಟ್ಟ ಒಬ್ಬ ಮುದುಕಿಯಿದ್ದಳು. ಅವಳು ಬೇರೆ ಯಾರೂ ಅಲ್ಲ, ಹೋಟೆಲಿನಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುವ ಇನ್ನೊಬ್ಬ ಸಪ್ಲೈಯರನ ಅತ್ತೆ. ದಿಂಬಿನ ಕೆಳಗೆ ಮೊಬೈಲ್ ಇಟ್ಟುಕೊಂಡಿದ್ದಳು.

ಬಂದೆಸಾರ್ ಹೋಟೆಲು ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು.

"ದಾರಿ ಬಿಡ್ರೋ, ದೊಡ್ಡ ಸಂಬಳದವರು ಬಂದ್ರು!" ಮೀಸೆ ಕೈಕಟ್ಟಿ ನಿಂತಿದ್ದ. ನಿನ್ನೆಯವರೆಗೂ ಅಣ್ಣ ಎನ್ನುತ್ತಿದ್ದವನು ಇಂದು ಬಹುವಚನಕ್ಕೆ ಏರಿದ್ದ. "ಜೊತೇಲೇ ಇದ್ದು ನಮ್ಮ ಕಣ್ಣಿಗೆ ಮಣ್ಣೆರಚಿದ್ರಲ್ಲ ಸಾರ್!"

ಅಡುಗೆಯವನು ಒಳಗಿನ ಕಿಟಕಿಯಿಂದ ಆಮೆಯಂತೆ ಕತ್ತು ಹೊರಚಾಚಿದ. "ದಿನವೆಲ್ಲ ಬೆಂಕಿ ಮುಂದೆ ಬೇಯೋನು ನಾನು. ತಟ್ಟೆ ಅಲ್ಲಿಂದ ಇಲ್ಲಿಗೆ ಇಡೋದಕ್ಕೆ ನಿಂಗೆ ಅನುಭವದ ದುಡ್ಡಾ?"

"ಅಯ್ಯೋ, ಅದೆಲ್ಲ ಸುಳ್ಳು ಕಣ್ರೋ" ಎಂಬ ಮಾತು ಬಂದೆಸಾರನ ನಾಲಗೆಯ ತುದಿಯವರೆಗೆ ಬಂತು. ಆದರೆ ಮೀಸೆಗೆ ಹೇಳಿದ್ದು ಮೀಸೆಯ ಅತ್ತೆಗೆ ಹೋಗುತ್ತದೆ, ಅತ್ತೆಗೆ ಹೋದದ್ದು ಪಕ್ಕದ ಮಂಚಕ್ಕೆ ಹೋಗುತ್ತದೆ. ಅವನು ಎಂಜಲಿನ ಜೊತೆ ಆ ಮಾತನ್ನೂ ನುಂಗಿ, "ಹೂಂ... ಏನೋ ಕೊಡ್ತಾರೆ" ಎಂದ.

ಅಲ್ಲಿಗೆ ಮುಗಿಯಿತು. ಮೀಸೆ ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಅವನ ಹೆಗಲಿಗೆ ಹಾಕಿದ. "ಹಾಗಾದ್ರೆ ನನ್ನ ಟೇಬಲ್ಲುಗಳನ್ನೂ ನೀವೇ ನೋಡ್ಕೊಳ್ಳಿ." ಟೇಬಲ್ ಒರೆಸುವ ಹೆಂಗಸು ಅವನನ್ನು ಕಂಡೊಡನೆ ಸೊಂಟ ಹಿಡಿದುಕೊಂಡು ಮೂಲೆಯಲ್ಲಿ ಕೂತಳು. "ನಂಗೆ ಬಗ್ಗೋಕಾಗ್ತಿಲ್ಲಪ್ಪ ಇವತ್ತು."

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಬಸ್ಸುಗಳ ಜನ ಒಟ್ಟಿಗೇ ನುಗ್ಗಿದರು. ಇಡೀ ಬೀದಿಗೆ ಒಂದೇ ನಲ್ಲಿ ಇದ್ದಂತಾಯಿತು ಬಂದೆಸಾರನ ಪಾಡು. ಸೂಪ್ ಕೇಳಿದವರಿಗೆ ಟೀ ಹೋಯಿತು. ಸಕ್ಕರೆ ಕಾಯಿಲೆಯವರಿಗೆ ಪಾಯಸದಷ್ಟು ಸಿಹಿಯಾದ ಕಾಫಿ ಹೋಯಿತು. ಅಡುಗೆಯವನು ಹೊಟ್ಟೆಕಿಚ್ಚನ್ನೆಲ್ಲ ಒಲೆಗೇ ಹಾಕಿ ಹೊಯ್ದ ಆಮ್ಲೆಟ್ ನೋಡಿ ಒಬ್ಬರು, "ಏನಪ್ಪ, ಇದು ತಿನ್ನೋದಾ, ಕಾಲಿಗೆ ಹಾಕ್ಕೊಳ್ಳೋದಾ?" ಎಂದು ಕೇಳಿದರು. ಅವರಿಗೆ ಉತ್ತರ ಹುಡುಕುತ್ತ ತಿರುಗಿದಾಗ, ಕೈಯಲ್ಲಿದ್ದ ಟೊಮೆಟೊ ಸೂಪು ಬಿಳಿ ಪ್ಯಾಂಟಿನ ಮಹನೀಯರೊಬ್ಬರ ತೊಡೆಯ ಮೇಲೆ ಹೋಗಿ ಕೂತಿತು.

"ಕಣ್ಣು ಕಾಣಲ್ವೇನ್ರೀ? ಎಷ್ಟು ವರ್ಷದಿಂದ ಇದೀರಿ ಈ ಕೆಲಸದಲ್ಲಿ?"

"ಬೇಜಾನ್ ಅನುಭವ ಸಾರ್ ಅವರಿಗೆ," ಮೀಸೆ ಬಾಗಿಲಿನಿಂದಲೇ ಕೂಗಿ ಹೇಳಿದ. "ಅದಕ್ಕೇ ಬೇರೆ ಸಂಬಳ ಕೊಡ್ತಾರೆ."

ಜನ ಕರಗಿದ ಮೇಲೆ ಮೀಸೆ, ಅಡುಗೆಯವನು, ಟೇಬಲ್ ಒರೆಸುವ ಹೆಂಗಸು ಮೂವರೂ ಗಲ್ಲಾದ ಮುಂದೆ ಹೋಗಿ ನಿಂತರು. ಬಂದೆಸಾರ್ ಅವರ ಹಿಂದೆ ಓಡಿದ.

"ಯಜಮಾನ್ರೇ, ನಮಗೂ ಹೊಸ ಬಡಾವಣೆ ಸಂಬಳ ಬೇಕು. ಇವನಿಗೆ ಗುಟ್ಟಾಗಿ ಕೊಡ್ತಿದೀರಲ್ಲ, ಹಾಗೆ" ಎಂದ ಅಡುಗೆಯವನು.

"ಯಾರಿಗೆ?" ಯಜಮಾನರ ಕೈ ಗಲ್ಲಾಪೆಟ್ಟಿಗೆಯಲ್ಲೇ ನಿಂತಿತು. ಮೂವರ ಬೆನ್ನ ಹಿಂದೆ ಬಂದೆಸಾರ್ ಕೈ ಮುಗಿದು, ಕಣ್ಣಿಗೆ ಕಸ ಬಿದ್ದವನಂತೆ ಕಣ್ಣು ಮಿಟುಕಿಸುತ್ತ, ಇಲ್ಲ ಎನ್ನಬೇಡಿ ಎಂದು ತಲೆಯಾಡಿಸುತ್ತಿದ್ದ. ಅವನ ಅಕ್ಕ ಆಸ್ಪತ್ರೆಯಲ್ಲಿರುವುದು ಯಜಮಾನರಿಗೆ ಗೊತ್ತಿತ್ತು. ಅರ್ಧ ವಿಷಯ ಅವರಿಗೆ ಹೊಳೆಯಿತು. ಉಳಿದರ್ಧದಲ್ಲಿ ಲಾಭ ಕಂಡಿತು: ಬಾಯಲ್ಲಿ ಕೊಡುವ ಸಂಬಳಕ್ಕೆ ಖರ್ಚಿಲ್ಲ, ಉದಾರಿ ಎಂಬ ಹೆಸರು ಪುಕ್ಕಟೆ.

"ಹೌದು, ಕೊಡ್ತೀನಿ. ಏನೀಗ? ಮಳೆ ಚಳಿ ಅನ್ನದೆ ಈ ಹೋಟೆಲಿಗೆ ಜೀವ ತೇದಿದಾನೆ. ಅನುಭವಕ್ಕೆ ಬೆಲೆ ಇಲ್ವೇನ್ರಯ್ಯ?"

ಸುಳ್ಳೆಂದು ಗೊತ್ತಿದ್ದರೂ ಬಂದೆಸಾರನ ಕಣ್ಣಲ್ಲಿ ನೀರಾಡಿತು. ಆ ಮಾತನ್ನು ಅವನು ಆ ಬಾಯಿಂದ ಕೇಳಿದ್ದು ಅದೇ ಮೊದಲು.

"ಹಾಗಾದ್ರೆ ನಾವು ನಾಳೆಯಿಂದ ಪಕ್ಕದ ಹೋಟೆಲಿಗೆ" ಎಂದ ಮೀಸೆ.

ಎಳೆದಾಟ ನಡೆಯಿತು. ಯಜಮಾನರು ನಿಟ್ಟುಸಿರು ಬಿಟ್ಟರು, ಹಣೆ ಚಚ್ಚಿಕೊಂಡರು, ಕೊನೆಗೆ ಮೂವರಿಗೂ ಸಂಬಳ ಏರಿಸಿದರು. ಮೀಸೆ ಓಡಿ ಬಂದು ತಬ್ಬಿಕೊಂಡ. "ಅಣ್ಣ, ತಪ್ಪು ತಿಳ್ಕೊಬೇಡ. ನಿನ್ನಿಂದ ನಮಗೂ ಒಳ್ಳೇದಾಯ್ತು!"

ಎಲ್ಲರೂ ಒಳಗೆ ಹೋದ ಮೇಲೆ ಬಂದೆಸಾರ್ ತಲೆ ಕೆರೆದುಕೊಂಡ. "ಯಜಮಾನ್ರೇ... ಹಾಗೇ ನಂಗೂ ಏನಾದ್ರೂ..."

"ನಿಂಗಾ? ಈ ಹೋಟೆಲಲ್ಲಿ ಎಲ್ಲರಿಗಿಂತ ಜಾಸ್ತಿ ಸಂಬಳ ನಿಂದೇ ಅಂತ ಈಗ್ತಾನೆ ಹೇಳಿದೀನಲ್ಲಯ್ಯ. ಇನ್ನೂ ಏರ್ಸಿದ್ರೆ ಅವರು ಸುಮ್ನಿರ್ತಾರಾ?" ಯಜಮಾನರು ಪೆಟ್ಟಿಗೆ ಮುಚ್ಚಿದರು. "ಆ ಬಿಳಿ ಪ್ಯಾಂಟಿನ ದುಡ್ಡು ಈ ತಿಂಗಳೇ ಹಿಡ್ಕೋತೀನಿ. ಮರೀಬೇಡ."

ಅಲ್ಲಿಗೆ ಟೇಬಲ್ ಒರೆಸುವವಳ ಸಂಬಳವೂ ಅವನದನ್ನು ದಾಟಿತ್ತು.

ಸಂಜೆ ಆಸ್ಪತ್ರೆಗೆ ಹೋದಾಗ ಅಕ್ಕನ ಮಂಚದ ಮೇಲೆ ಅಕ್ಕ ಇರಲಿಲ್ಲ. ಆಯಾ ಚಾದರ ಕೊಡವುತ್ತಿದ್ದಳು.

"ಅಕ್ಕ ಎಲ್ಲಿ?"

ಮೀಸೆಯ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೇಲೆ ಹೋದ್ರಪ್ಪ. ಎಂಥ ಒಳ್ಳೆ ಜೀವ!"

ಅವನು ಅಲ್ಲೇ ಕುಸಿದು ಕೂತ. ತಾನು ಬೆಳಿಗ್ಗೆ ಹೇಳಿದ ಸುಳ್ಳೇ ಅವಳ ಕಿವಿಗೆ ಬಿದ್ದ ತನ್ನ ಕೊನೆಯ ಮಾತಾಯಿತಲ್ಲ ಎಂದುಕೊಂಡ.

"ಯಾಕಪ್ಪ ಕೂತ್ಬಿಟ್ಟೆ? ಮೇಲೆ ಅಂದ್ರೆ ಮಹಡಿ ಮೇಲೆ! ದುಡ್ಡು ಕೊಡೋ ರೂಮಿಗೆ!"

ಬಂದೆಸಾರ್ ಮೆಟ್ಟಿಲುಗಳನ್ನು ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಅಕ್ಕ ಕಿಟಕಿಯ ಪಕ್ಕದ ಎತ್ತರದ ಹಾಸಿಗೆಯ ಮೇಲೆ, ಹೊಸ ಲಂಗ ತೊಟ್ಟ ಹುಡುಗಿಯ ಹಾಗೆ ಕೂತಿದ್ದಳು.

"ಬಂದ್ಯಾ? ನೋಡು, ಡಾಕ್ಟರ ಹತ್ರ ನಾನೇ ಹೇಳ್ದೆ. ಒಬ್ಳು ಎರಡು ದಿನದಿಂದ ಹೊರಗೆ ನೆಲದ ಮೇಲೆ ನರಳ್ತಾ ಇದ್ಳು ಕಣೋ, ಮಂಚ ಖಾಲಿ ಇಲ್ಲ ಅಂತ. ನನ್ನ ತಮ್ಮ ಚೆನ್ನಾಗಿ ದುಡೀತಾನೆ, ಬಡವರ ಪಾಲಿನ ಮಂಚ ನಮಗ್ಯಾಕೆ, ಅವಳಿಗೆ ಕೊಡಿ ಅಂದೆ. ಆಪರೇಷನ್ ಖರ್ಚೂ ನಮ್ದೇ ಅಂದೆ. ತಪ್ಪಾ?"

ಕೆಳಗೆ ಆ ಹೆಂಗಸನ್ನು ಇಷ್ಟು ಹೊತ್ತಿಗೆ ಆ ಮಂಚದ ಮೇಲೆ ಮಲಗಿಸಿರುತ್ತಾರೆ. ಅವಳನ್ನು ಎಬ್ಬಿಸಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬೆಳಿಗ್ಗೆ ಹೇಳಿದ್ದು ಸುಳ್ಳು ಎನ್ನಲಂತೂ ಬರಲೇ ಇಲ್ಲ.

"ಒಳ್ಳೇದೇ ಮಾಡ್ದೆ ಅಕ್ಕ" ಎಂದ.

"ನಾಳೆ ಏನಾದ್ರೂ ಆಗ್ಲಿ. ನಿನ್ನ ಬಗ್ಗೆ ನಂಗಿನ್ನು ಚಿಂತೆ ಇಲ್ಲ."

ಬಾಗಿಲು ತಳ್ಳಿಕೊಂಡು ನಡುವಯಸ್ಸಿನವನೊಬ್ಬ ಊಟದ ಟ್ರೇ ತಂದಿಟ್ಟ. ನೀರು ಬಗ್ಗಿಸಿದ, ಚಮಚ ಒರೆಸಿಟ್ಟ, ಆಮೇಲೂ ಹೋಗದೆ ಗೋಡೆ ನೋಡುತ್ತ ನಿಂತ. ಹಾಗೆ ನಿಲ್ಲುವುದರ ಅರ್ಥ ಬಂದೆಸಾರನಿಗೆ ಗೊತ್ತಿತ್ತು. ಜೇಬಿಗೆ ಕೈ ಹಾಕಿ ಅಂದಿನ ಟಿಪ್ಸಿನಿಂದ ಒಂದು ನೋಟು ತೆಗೆದು ಕೊಟ್ಟ.

ಅಕ್ಕನಿಗೆ ಕಂಡವರನ್ನೆಲ್ಲ ವಿಚಾರಿಸುವ ಚಟ. "ಇಲ್ಲಿ ಎಷ್ಟಪ್ಪ ಕೊಡ್ತಾರೆ ನಿಂಗೆ?"

"ಹೋದ ತಿಂಗಳು ಸೇರಿದ್ದಮ್ಮ, ಅನುಭವ ಇಲ್ಲ ಅಂತ ಕಡಿಮೆ" ಎಂದು ಅವನು ನಾಚಿಕೆಯಿಂದ ಒಂದು ಮೊತ್ತ ಹೇಳಿದ.

ಅದು ಬಂದೆಸಾರನ ಸಂಬಳಕ್ಕಿಂತ ಜಾಸ್ತಿಯಿತ್ತು.

"ಅಯ್ಯೋ, ಅಷ್ಟೇನಾ?" ಅಕ್ಕ ಲೊಚಗುಟ್ಟಿದಳು. "ಅಷ್ಟರಲ್ಲಿ ಹೇಗಪ್ಪ ಬದುಕ್ತಾರೆ ಜನ? ಪಾಪ, ಇನ್ನೊಂದು ನೋಟು ಕೊಡೋ ಅವನಿಗೆ."

ಬಂದೆಸಾರ್ ಇನ್ನೊಂದು ನೋಟು ಕೊಟ್ಟ.