ಕಾಟಾ ನಿಲ್ಲಿಸದೆ ಸರ್ವರ್ ಬದಲಿಸಿದ್ದು

ಎಚ್ಚರಿಕೆಯೂ ಒಂದು ಚಟ. ಎಲೆ, ಅಡಿಕೆ, ತಂಬಾಕು ಯಾವುದನ್ನೂ ಮುಟ್ಟದ ನಾನು ಈ ಚಟಕ್ಕೆ ಮಾತ್ರ ಪೂರ್ತಿ ಬಲಿಯಾಗಿದ್ದೇನೆ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತೇನೆ. ಬಸ್ ನಿಲ್ದಾಣದವರೆಗೆ ಹೋಗಿ, ಮತ್ತೊಮ್ಮೆ ಜಗ್ಗಲು ಮರಳಿ ಬರುತ್ತೇನೆ. "ಕಳ್ಳರೂ ಇಷ್ಟು ಜಗ್ಗಂಗಿಲ್ಲ. ಕೀಲಿ ಮುರದ್ರ ನಿಮ್ಮಿಂದನ ಮುರೀತೈತಿ" ಎನ್ನುತ್ತಾಳೆ ಹೆಂಡತಿ. ಮೂಡಲಗಿಯ ನಮ್ಮ ಓಣಿಗೆಲ್ಲ ಈ ಮಾತು ಗೊತ್ತು.

ಇಂಥವನ ಕೈಗೆ ಸಕ್ಕರೆ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗ ಸಿಕ್ಕಿದೆ. ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತರೆ ತೂಕ ಹಿಡಿದು ಚೀಟಿ ಕೊಡುವ ಯಂತ್ರ ನನ್ನ ಸುಪರ್ದಿಯಲ್ಲಿದೆ. ಯಂತ್ರವೆಂದರೆ ಕೈಯಿಂದ ಮುಟ್ಟುವಂಥದ್ದಲ್ಲ. ದೊಡ್ಡ ವಾಡೆಯೊಂದರಲ್ಲಿ ನಾಲ್ಕು ಸಂಸಾರ ಬೇರೆ ಬೇರೆ ಒಲೆ ಹೂಡಿಕೊಂಡಿರುವ ಹಾಗೆ, ಒಂದೇ ಸರ್ವರಿನ ಒಳಗೆ ನಾಲ್ಕು ವರ್ಚುವಲ್ ಯಂತ್ರಗಳು. ಅವುಗಳಲ್ಲಿ ಕಾಟಾದ್ದೂ ಒಂದು.

ಈ ಹಂಗಾಮಿನಲ್ಲಿ ಅದು ದಿನದಿಂದ ದಿನಕ್ಕೆ ನಿಧಾನವಾಯಿತು. ಚೀಟಿ ಬರುವಷ್ಟರಲ್ಲಿ ಚಾಲಕ ಇಳಿದು ಹೋಗಿ ಚಹಾ ಕುಡಿದು ಬರುತ್ತಿದ್ದ. ಗಾಡಿಗಳ ಸಾಲು ಗೇಟು ದಾಟಿ ಕೊಣ್ಣೂರ ರಸ್ತೆಗೆ ಬಂತು. ಕಡಿದ ಕಬ್ಬು ಬಿಸಿಲಿಗೆ ನಿಂತರೆ ಒಣಗಿ ತೂಕ ಇಳಿಯುತ್ತದೆ. ಹಿಂದಿನ ದಿನದಿಂದ ಸಾಲಿನಲ್ಲಿದ್ದ ಮಮದಾಪುರದ ರೈತ ಬಸಪ್ಪ ಕಾಕಾ ನನ್ನ ಕಿಟಕಿಗೇ ಬಂದರು. "ಸಾಹೇಬ್ರ, ನನ್ನ ಕಬ್ಬು ಒಣಗಾಕತ್ತೈತ್ರಿ. ನಿಮ್ಮ ಮಷೀನಿಗೆ ಏನ್ ಬ್ಯಾನಿ ಬಂದೈತಿ?" ಹೊಸ ಸರ್ವರೇನೋ ಬಂದು ಪಕ್ಕದಲ್ಲೇ ಕೂತಿತ್ತು. ಆದರೆ ಯಂತ್ರವನ್ನು ಅದಕ್ಕೆ ಸಾಗಿಸಲು ಅರ್ಧ ದಿನ ಕಾಟಾ ನಿಲ್ಲಿಸಬೇಕೆಂದು ನನ್ನ ಅಂದಾಜು. ನಿಲ್ಲಿಸಿದ್ದರೆ ಕಾಕಾ ಕಬ್ಬಿಗಿಂತ ಮೊದಲು ನನ್ನನ್ನೇ ಗಾಣಕ್ಕೆ ಹಾಕುತ್ತಿದ್ದರು.

ಆಗ ಹುಕ್ಕೇರಿಯಿಂದ ಸ್ಕೂಟರ್ ಮೇಲೆ ರೆಹಾನಾ ಮೇಡಂ ಬಂದರು. ಹೊಸ ಸರ್ವರ್ ಮಾರಿದವರು ಕಳಿಸಿದ ತಂತ್ರಜ್ಞೆ; ವಯಸ್ಸಿನಲ್ಲಿ ನನ್ನ ಮಗಳಷ್ಟು.

"ಕಾಟಾ ಬಂದ್ ಮಾಡ್ಲೇನ್ರಿ?" ಎಂದೆ.

"ಯಾಕ್ರಿ ಸರ? ನಡಿಯೂದು ನಡೀಲಿ. ತೂಕಾ ಮಾಡ್ತಿದ್ದಂಗನ ಬಾಜೂ ಸರ್ವರಿಗೆ ಒಯ್ತೇನಿ" ಎಂದು ಪರದೆ ನೋಡಿದವರು, ಹುಬ್ಬು ಏರಿಸಿದರು. "ಡಿಸ್ಕ್ ಹಳೇದ ಖರೆ. ಆದ್ರ ಇಷ್ಟು ತ್ರಾಸ ಕೊಡಬಾರ್ದು. ಈ ಇಪ್ಪತ್ತೊಂಬತ್ತು ಸ್ನ್ಯಾಪ್‌ಶಾಟ್ ಯಾರು ತಗದಾರ್ರಿ?"

ಸ್ನ್ಯಾಪ್‌ಶಾಟ್ ಎಂದರೆ ಯಂತ್ರ ಈ ಗಳಿಗೆಯಲ್ಲಿ ಹೇಗಿದೆಯೋ ಹಾಗೆಯೇ ಹಿಡಿದಿಡುವುದು. ಮುಂದೆ ಏನಾದರೂ ಕೆಟ್ಟರೆ ಅಲ್ಲಿಗೆ ಮರಳಬಹುದು. ನಮ್ಮಲ್ಲಿ ದಿನಾ ಮುಂಜಾನೆ ಕಾಟಾಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದೇ ಗಾಡಿ ಹತ್ತಿಸುವುದು. ಹೊರಗೆ ಕಾಯಿ ಒಡೆದ ಸಪ್ಪಳ ಕೇಳಿದ ಕೂಡಲೇ ಒಳಗೆ ನಾನೊಂದು ಸ್ನ್ಯಾಪ್‌ಶಾಟ್ ತೆಗೆಯುತ್ತಿದ್ದೆ. ಪ್ರತಿಯೊಂದಕ್ಕೂ 'ಶ್ರೀ' ಎಂದೇ ಹೆಸರು. ಪೂಜೆಯ ವೇಳೆಯಲ್ಲಿ ತೆಗೆದದ್ದನ್ನು ಅಳಿಸುವುದು ಅಪಶಕುನವೆಂದು ಒಂದನ್ನೂ ಮುಟ್ಟಿರಲಿಲ್ಲ. ಈ ಭಕ್ತಿಯನ್ನು ಯಾರಾದರೂ ಮೆಚ್ಚಿಯಾರೆಂದು ಕಾದಿದ್ದೆ ಬೇರೆ!

"ತಗದಿದ್ದು ತಪ್ಪಲ್ರಿ. ಹಂಗ ಇಟ್ಟಿದ್ದು ತಪ್ಪು. ಒಂದು ತೂಕಾ ಹುಡಕಾಕ ಅದು ಇಪ್ಪತ್ತೊಂಬತ್ತು ಪದರ ಬಿಚ್ಚಿ ನೋಡ್ಬೇಕು" ಎಂದರು ಮೇಡಂ.

"ಎಲ್ಲಾದ್ರಾಗೂ ಶ್ರೀ ಅಂತ ಬರದೈತ್ರಿ..." ಎಂದು ತೊದಲಿದೆ.

"ಅಂಜಬ್ಯಾಡ್ರಿ. ಎಲ್ಲಾ ಕೂಡಿಸಿ ಒಂದ ಮಾಡ್ತೇನಿ. ದೇವ್ರು ಎಲ್ಲೂ ಹೋಗಂಗಿಲ್ಲ."

ಕೂಡಿಸುವ ಕೆಲಸ ಮಧ್ಯಾಹ್ನದವರೆಗೆ ನಡೆಯಿತು. ಕಾಟಾ ತೆವಳುತ್ತಲೇ ಇತ್ತು, ಸಾಲಿನಿಂದ ಹಾರ್ನ್ ಮೇಲೆ ಹಾರ್ನ್. ನಾನು ನಾಲ್ಕು ಸಲ ನೀರು ಕುಡಿದೆ, ಆಕೆ ಮಾತ್ರ ಕುರ್ಚಿಯಿಂದ ಅಲುಗಲಿಲ್ಲ. ಕೊನೆಗೆ "ಈಗ ಹೊಂಟಿತ್ರಿ" ಎಂದಾಗ ನೋಡುತ್ತೇನೆ, ಕಾಟಾದ ಮೇಲೆ ಬಸಪ್ಪ ಕಾಕಾರ ಗಾಡಿ! ಪರದೆಯ ಮೇಲಿನ ಅಂಕಿ ಒಂದು ಸಲ ಪಿಳುಕಿತು, ಅಷ್ಟೇ. ಚೀಟಿ ಸರ್ರನೆ ಹೊರಗೆ ಬಂತು.

"ಇಷ್ಟು ಲಗೂ ಆತೇನ್ರಿ? ಚಹಾಕ್ಕೂ ಪುರಸತ್ತಿಲ್ಲ ಬಿಡ್ರಿ!" ಎಂದು ಕಾಕಾ ಗಾಡಿ ಮುಂದೆ ಬಿಟ್ಟರು. ತಮ್ಮ ಕಬ್ಬನ್ನು ತೂಗುತ್ತಿದ್ದ ಯಂತ್ರ ಹಾಗೇ ತೂಗುತ್ತ ಇನ್ನೊಂದು ಸರ್ವರಿಗೆ ಹೋಗಿದ್ದು ಅವರಿಗೆ ತಿಳಿಯಲೇ ಇಲ್ಲ. ಇಂಥ ಕೈಚಳಕವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಎದ್ದು ನಿಂತು ಕೈ ಮುಗಿದೆ. ಸಂಜೆಯ ಹೊತ್ತಿಗೆ ಸಾಲು ಕರಗಿ ಗೇಟಿನ ಒಳಗೆ ಬಂದಿತ್ತು.

ಹೊರಡುವ ಮುನ್ನ ಮೇಡಂ ದುರಸ್ತಿಯ ಪುಸ್ತಕವನ್ನು ನನ್ನ ಕಡೆ ಸರಿಸಿದರು. "ಕಾರಣದ ಕಾಲಂ ನೀವ ತುಂಬ್ರಿ ಸರ" ಎಂದು ಮೆಲ್ಲಗೆ ಹೇಳಿದರು. ಯಾರ ಎದುರೂ ನನ್ನ ಮಾನ ಕಳೆಯದ ಆ ದೊಡ್ಡತನಕ್ಕೆ ಕಣ್ಣು ತುಂಬಿ ಬಂದವು. ಸುಳ್ಳು ಬರೆಯಲು ಮನಸ್ಸಾಗದೆ, 'ಯಂತ್ರ ನಿಧಾನವಾಗಲು ಕಾರಣ' ಎಂಬಲ್ಲಿ ನನ್ನ ಹೆಸರನ್ನೇ ಬರೆದು ಸಹಿ ಮಾಡಿದೆ.

ಅಷ್ಟರಲ್ಲಿ ಬಂದ ಮ್ಯಾನೇಜರ್ ಸಾಹೇಬರು ಅದನ್ನು ಓದಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೇಡಂ ಕಡೆ ತಿರುಗಿದರು. "ಈ ಪಾರ್ಟ್ ಬದ್ಲಿ ಮಾಡಾಕ ಬರ್ತೈತೇನ್ರಿ?"

"ಬ್ಯಾಡ್ರಿ ಸಾಹೇಬ್ರ. ಸ್ನ್ಯಾಪ್‌ಶಾಟ್ ತಗಿಯೋ ಅಧಿಕಾರ ಅಷ್ಟ ಕಿತ್ತೇನಿ. ಉಳದಿದ್ದೆಲ್ಲಾ ಛಲೋ ಐತಿ."

ಇಷ್ಟು ವರ್ಷದ ನೌಕರಿಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ನನಗೆ ಯಾರೂ ಕೊಟ್ಟಿಲ್ಲ.